ಗುದ್ದಲಿ ಹಿಡಿದವರ ಸ್ಪರ್ಧೆ

ಅಮೆರಿಕದ ಯೂಟಾ ರಾಜ್ಯದ ನೈರುತ್ಯ ಮೂಲೆಯಲ್ಲಿ, ಝಯಾನ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗುವ ಹೆದ್ದಾರಿಯ ಪಕ್ಕ ವರ್ಜಿನ್ ಎಂಬ ಪುಟ್ಟ ಊರಿದೆ. ಕೆಲವು ನೂರು ಜನ, ಒಂದು ನದಿ, ಸುತ್ತ ಕೆಂಪು ಗುಡ್ಡಗಳು. ಮನೆಗೊಂದು ಬಂದೂಕು ಇರಲೇಬೇಕು ಎಂದು 2000ನೇ ಇಸವಿಯಲ್ಲಿ ಕಾನೂನು ಮಾಡಿ ಈ ಊರು ಪತ್ರಿಕೆಗಳಲ್ಲಿ ಸುದ್ದಿಯಾಗಿತ್ತು. ಸೈಕಲ್ಲಿಗೂ ಈ ಸೀಮೆಗೂ ಅದಕ್ಕಿಂತ ಹಳೆಯ ನಂಟು. ಕೆಲವೇ ಮೈಲಿ ಆಚೆಗಿರುವ ಗ್ರಾಫ್ಟನ್ ಎಂಬ ಪಾಳೂರಿನಲ್ಲೇ 1969ರ ‘ಬುಚ್ ಕ್ಯಾಸಿಡಿ ಅಂಡ್ ದ ಸನ್‌ಡಾನ್ಸ್ ಕಿಡ್’ ಚಿತ್ರಕ್ಕಾಗಿ ಪಾಲ್ ನ್ಯೂಮನ್ ಸೈಕಲ್ ಹತ್ತಿ ಮಂಗಾಟ ಆಡಿದ್ದು. ಅದಾಗಿ ಮೂರು ದಶಕ ಕಳೆಯಿತು. 2001ರ ಶರತ್ಕಾಲದಲ್ಲಿ ಹತ್ತಾರು ಹುಡುಗರು ದಪ್ಪ ಚಕ್ರದ ಸೈಕಲ್ಲುಗಳ ಜೊತೆ ಗುದ್ದಲಿ, ಪಿಕಾಸಿ, ಸಲಿಕೆ ಹೊತ್ತು ವರ್ಜಿನ್ನಿಗೆ ಬಂದರು. ಗುಡ್ಡದ ನೆತ್ತಿಯಿಂದ ಬುಡಕ್ಕೆ ಇಳಿಯಬೇಕು, ಎಲ್ಲಿಂದ ಹೇಗೆ ಎಂಬುದು ಅವರವರ ಇಷ್ಟ. ಸ್ಪರ್ಧೆಯೆಂದರೆ ಇಷ್ಟೆ.

ಅದಕ್ಕೆ ರೆಡ್ ಬುಲ್ ರಾಂಪೇಜ್ ಎಂದು ಹೆಸರಾಯಿತು. ಹೆಸರಿನಲ್ಲಿ ಪಾನೀಯದ ಕಂಪನಿ ಇದೆ, ಹಣವೂ ಅದರದೇ. ಆದರೆ ಮಣ್ಣು ಅಗೆಯುವವರು, ಹಾದಿ ಆರಿಸುವವರು, ಬೀಳುವವರು, ಕೊನೆಗೆ ತೀರ್ಪುಗಾರರ ಕುರ್ಚಿಯಲ್ಲಿ ಕೂರುವವರು ಎಲ್ಲರೂ ಸವಾರರೇ. ಹಾಗಿದ್ದರೆ ಈ ಸ್ಪರ್ಧೆ ಯಾರದು? ಫ್ರೀರೈಡ್ ಎಂದು ಕರೆಯುವ ಈ ಆಟದ ಕಾಲು ಶತಮಾನದ ಚರಿತ್ರೆಯನ್ನು ಗೆದ್ದವರ ಪಟ್ಟಿಯಾಗಿ ಓದುವುದಕ್ಕಿಂತ ಈ ಪ್ರಶ್ನೆಯ ಮೇಲಿನ ಜಗಳವಾಗಿ ಓದಿದರೆ ಹೆಚ್ಚು ರುಚಿ.

ಜಗಳದ ಬೇರು ಯೂಟಾದ ಮರುಭೂಮಿಯಲ್ಲಿಲ್ಲ, ಕೆನಡಾದ ಮಳೆಕಾಡಿನಲ್ಲಿದೆ. ವ್ಯಾಂಕೂವರ್ ನಗರದ ಉತ್ತರಕ್ಕೆ ಫ್ರೋಮ್, ಸೀಮೋರ್, ಸೈಪ್ರೆಸ್ ಎಂಬ ಮೂರು ಬೆಟ್ಟಗಳಿವೆ. ಸದಾ ಒದ್ದೆ ನೆಲ, ಬೇರುಗಳ ಬಲೆ, ಬಿದ್ದ ದೇವದಾರು ಮರಗಳು. 1990ರ ದಶಕದಲ್ಲಿ ಟಾಡ್ ಫಿಯಾಂಡರ್, ಡ್ಯಾನ್ ಕೋವನ್ ಮೊದಲಾದವರು ಆ ಬಿದ್ದ ಮರಗಳನ್ನೇ ಸೀಳಿ ಏಣಿಯಂಥ ಸಂಕಗಳನ್ನು ಕಟ್ಟತೊಡಗಿದರು. ಕೆಸರು ದಾಟಲೆಂದು ಶುರುವಾದ ಸಂಕ ಕ್ರಮೇಣ ಮರದೆತ್ತರ ಏರಿತು, ಕಿರಿದಾಯಿತು, ಅದರ ತುದಿಯಿಂದ ಹಾರುವುದೇ ಆಟವಾಯಿತು. ಅನುಮತಿ ಕೇಳಿದವರು ಕಡಿಮೆ. ಫಿಯಾಂಡರ್‌ಗೆ ‘ಡಿಗ್ಗರ್’ ಎಂದೇ ಅಡ್ಡಹೆಸರು. ಅಗೆಯುವುದರ ಜೊತೆಗೆ ಕ್ಯಾಮೆರಾ ಹಿಡಿದು ಆ ಸಾಹಸಗಳ ವಿಡಿಯೊ ಮಾಡಿ ಹಂಚಿದವನೂ ಅವನೇ.

ಒಳನಾಡಿನ ಕ್ಯಾಮ್ಲೂಪ್ಸ್ ಪಟ್ಟಣದಲ್ಲಿ ಇದರ ಇನ್ನೊಂದು ಕವಲು ಮೊಳೆಯಿತು. ಅಲ್ಲಿ ಕಾಡಿಲ್ಲ, ಒಣ ಮಣ್ಣಿನ ಬೋಳು ದಿಬ್ಬಗಳು. ವೇಡ್ ಸಿಮನ್ಸ್, ರಿಚಿ ಶ್ಲೈ, ಬ್ರೆಟ್ ಟಿಪ್ಪಿ ಎಂಬ ಮೂವರು ಹಿಮದ ಮೇಲೆ ಸ್ನೋಬೋರ್ಡಿನಲ್ಲಿ ಜಾರುವಂತೆ ಆ ದಿಬ್ಬಗಳ ಮೇಲೆ ಸೈಕಲ್ ಇಳಿಸಿದರು. 1998ರಲ್ಲಿ ಬ್ಯೋರ್ನ್ ಎಂಗಾ ತೆಗೆದ ‘ಕ್ರ್ಯಾಂಕ್ಡ್’ ಚಿತ್ರ ಈ ಮೂವರನ್ನು ಲೋಕಕ್ಕೆ ತೋರಿಸಿತು. ರೇಸಿನಲ್ಲಿ ಗೆಲ್ಲದೆ, ಗಡಿಯಾರದ ಹಂಗಿಲ್ಲದೆ, ಬರೀ ಸವಾರಿಯ ಚಂದಕ್ಕೆ ಒಬ್ಬ ಸೈಕಲ್ ಸವಾರನಿಗೆ ಸಂಬಳ ಸಿಗಬಹುದು ಎಂಬುದು ಅಂದಿಗೆ ಹೊಸ ಮಾತು. ‘ಫ್ರೀರೈಡ್’ ಎಂಬ ಹೆಸರನ್ನು ಒಂದು ಸೈಕಲ್ ಕಂಪನಿ ಅಷ್ಟರಲ್ಲಾಗಲೇ ಟ್ರೇಡ್‌ಮಾರ್ಕ್ ಮಾಡಿಸಿಕೊಂಡಿತ್ತು. ಹಾಗಾಗಿ ಪ್ರತಿಸ್ಪರ್ಧಿ ಕಂಪನಿ ರಾಕಿ ಮೌಂಟನ್ ಈ ಮೂವರನ್ನು ‘ಫ್ರೋರೈಡರ್ಸ್’ ಎಂದು ಕರೆದು ಕೈತೊಳೆದುಕೊಂಡಿತು. ಯಾರದೂ ಅಲ್ಲದ ಆಟಕ್ಕೆ ಒಡೆಯರು ಹುಟ್ಟತೊಡಗಿದ್ದು ಹೀಗೆ.

ಯೂಟಾದ ಹುಚ್ಚು ಮಾತ್ರ ಜೋಶ್ ಬೆಂಡರ್‌ನದು. ಕೆನಡಾದವರಿಗೆ ಹರಿಯುವ ಹಾದಿ ಬೇಕಿತ್ತು, ಇವನಿಗೆ ಬೇಕಿದ್ದುದು ಬರೀ ಎತ್ತರ. ವರ್ಜಿನ್ ಸುತ್ತಲಿನ ಬಂಡೆಗಳ ಅಂಚಿನಿಂದ ಮೂರು ನಾಲ್ಕು ಮಹಡಿಯಷ್ಟು ಕೆಳಕ್ಕೆ ಸೈಕಲ್ ಸಮೇತ ಧುಮುಕುತ್ತಿದ್ದ. ಅವನ ಸೈಕಲ್ಲಿನ ಮುಂದಿನ ಶಾಕ್‌ಅಬ್ಸಾರ್ಬರ್ ಮೋಟರ್‌ಸೈಕಲ್ಲಿನದನ್ನೂ ನಾಚಿಸುವಂತಿತ್ತು. ನೆಟ್ಟಗೆ ಇಳಿದದ್ದಕ್ಕಿಂತ ಉರುಳಿದ್ದೇ ಹೆಚ್ಚು ಎಂದು ಹಾಸ್ಯ ಮಾಡಿದವರಿದ್ದರು. ಆದರೂ ಆ ಕೆಂಪು ಗುಡ್ಡಗಳ ಮೇಲೆ ಸೈಕಲ್ ಸವಾರರ ಕಣ್ಣು ಬೀಳುವಂತೆ ಮಾಡಿದವರಲ್ಲಿ ಅವನೇ ಮೊದಲಿಗ.

ಇಂಥ ಮಂದಿಯನ್ನೆಲ್ಲ ಒಂದೇ ಗುಡ್ಡದ ಮೇಲೆ ಸೇರಿಸಿದವನು ಟಾಡ್ ಬಾರ್ಬರ್ ಎಂಬ ಆಯೋಜಕ. ಬಾದಾಮಿಯ ಕೆಂಪು ಬಂಡೆಗಳ ನೆತ್ತಿಯಿಂದ ಅಗಸ್ತ್ಯ ತೀರ್ಥದವರೆಗೆ ಮೆಟ್ಟಿಲಿಲ್ಲದೆ ಸೈಕಲ್ಲಿನಲ್ಲಿ ಇಳಿಯುವುದನ್ನು ಊಹಿಸಿಕೊಂಡರೆ ವರ್ಜಿನ್ ಗುಡ್ಡದ ಅಂದಾಜು ಸಿಕ್ಕೀತು. ವ್ಯತ್ಯಾಸವೆಂದರೆ ಬಾದಾಮಿಯ ಕಲ್ಲು ಗಟ್ಟಿ, ಇಲ್ಲಿನದು ಹಿಡಿದರೆ ಪುಡಿಯಾಗುವ ಜಾತಿ. ನಡುನಡುವೆ ಕೊರಕಲು, ಎರಡೂ ಬದಿ ಪ್ರಪಾತವಿರುವ ಏಣು, ಏಕಾಏಕಿ ಮುಗಿದುಹೋಗುವ ಹಾದಿ. ಮೊದಲ ವರ್ಷ ಗೆದ್ದವನು ವೇಡ್ ಸಿಮನ್ಸ್. 2002ರಲ್ಲಿ ಟೈಲರ್ ಕ್ಲಾಸೆನ್, 2003ರಲ್ಲಿ ಫ್ರಾನ್ಸಿನ ಸೆಡ್ರಿಕ್ ಗ್ರಾಸಿಯಾ, 2004ರಲ್ಲಿ ಇನ್ನೂ 17ರ ಹುಡುಗ ಕೈಲ್ ಸ್ಟ್ರೈಟ್. ಪ್ರತಿ ವರ್ಷ ಹಿಂದಿನದಕ್ಕಿಂತ ಎತ್ತರದ ಹಾರಿಕೆ, ಹಿಂದಿನದಕ್ಕಿಂತ ಕಡಿದಾದ ಇಳಿಜಾರು. ಇದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬ ಭಯ ಆಯೋಜಕರನ್ನೂ ಮುಟ್ಟಿತು. 2005, 2006, 2007 ಮೂರೂ ವರ್ಷ ಸ್ಪರ್ಧೆ ನಡೆಯಲಿಲ್ಲ.

2008ರಲ್ಲಿ ರಾಂಪೇಜ್ ಮರಳಿ ಬಂದಾಗ ಆಟ ಬದಲಾಗಿತ್ತು. ಕೆನಡಾದ ವಿಸ್ಲರ್‌ನಲ್ಲಿ 2004ರಿಂದ ಕ್ರ್ಯಾಂಕ್‌ವರ್ಕ್ಸ್ ಉತ್ಸವ ನಡೆಯುತ್ತಿತ್ತು. ಅದರ ಸ್ಲೋಪ್‌ಸ್ಟೈಲ್ ಸ್ಪರ್ಧೆಯಲ್ಲಿ ಮೊದಲೇ ಕಟ್ಟಿಟ್ಟ ದಿಬ್ಬಗಳ ಮೇಲೆ ಲಾಗ ಹಾಕುವುದು, ಗಾಳಿಯಲ್ಲಿ ಸೈಕಲ್ ತಿರುಗಿಸುವುದು, ಹ್ಯಾಂಡಲ್ ಬಿಡುವುದು ಎಲ್ಲ ಶಾಸ್ತ್ರವಾಗಿ ಬೆಳೆದಿತ್ತು. ಆ ಶಾಲೆಯಲ್ಲಿ ಕಲಿತ ಹುಡುಗರು ಈಗ ಮರುಭೂಮಿಗೆ ಬಂದರು. 2008ರಲ್ಲಿ ಗೆದ್ದ ಬ್ರ್ಯಾಂಡನ್ ಸೆಮೆನಕ್‌ಗೂ ಆಗ 17 ವರ್ಷ. ಗುಡ್ಡದ ಮೇಲೆ ಮರದ ದೊಡ್ಡ ಅಟ್ಟಗಳೂ ಎದ್ದವು. ಅವುಗಳಲ್ಲಿ ಕನ್ನಡಕದ ಕಂಪನಿಯೊಂದರ ಹೆಸರು ಹೊತ್ತ ‘ಐಕಾನ್ ಸೆಂಡರ್’ ಪ್ರಸಿದ್ಧ. 2010ರಲ್ಲಿ ಕ್ಯಾಮ್ ಝಿಂಕ್ ಅದರ ಮೇಲಿಂದ ಗಾಳಿಯಲ್ಲೇ ಒಂದು ಪೂರ್ತಿ ಸುತ್ತು ತಿರುಗಿ ಇಳಿದು ಪ್ರಶಸ್ತಿ ಗೆದ್ದ.

2013ನೆಯ ವರ್ಷದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಝಿಂಕ್ ಅದೇ ಅಟ್ಟದಿಂದ 78 ಅಡಿಯ ಹಿಂಲಾಗ ಹಾಕಿದ. ನ್ಯೂಜಿಲೆಂಡಿನ ಕೆಲಿ ಮೆಕ್‌ಗ್ಯಾರಿ 72 ಅಡಿ ಅಗಲದ ಕಮರಿಯ ಮೇಲೆ ಹಿಂಲಾಗ ಹಾಕಿದ. ಅವನ ಹೆಲ್ಮೆಟ್ಟಿನ ಕ್ಯಾಮೆರಾ ತೆಗೆದ ಆ ವಿಡಿಯೊವನ್ನು ಸೈಕಲ್ಲಿನ ಗಂಧವೇ ಇಲ್ಲದವರೂ ಸೇರಿ ಕೋಟಿಗಟ್ಟಲೆ ಜನ ನೋಡಿದರು. ನೀವೂ ಎಲ್ಲೋ ನೋಡಿರಬಹುದು: ಕೆಂಪು ನೆಲ ತಲೆಯ ಮೇಲೆ ಹೋಗಿ ಮತ್ತೆ ಕಾಲಡಿಗೆ ಬರುತ್ತದೆ. ಆದರೆ ಗೆದ್ದವನು ಇವರಿಬ್ಬರೂ ಅಲ್ಲ, ಹ್ಯಾಂಡಲ್ ಬಿಟ್ಟು ಎರಡೂ ಕೈ ಚಾಚಿ ಆ ಅಟ್ಟವನ್ನು ಹಾರಿದ ಕೈಲ್ ಸ್ಟ್ರೈಟ್. ಮೆಕ್‌ಗ್ಯಾರಿ ಎರಡನೆಯವನು, ಝಿಂಕ್ ಮೂರನೆಯವನು. ಈ ತೀರ್ಪಿನ ಮೇಲೆ ಇಂದಿಗೂ ವಾದ ನಡೆಯುತ್ತದೆ. ನನಗೇನೋ ತೀರ್ಪುಗಾರರು ಗುಡ್ಡವನ್ನು ಓದಿದ್ದು ಸರಿಯಾಗಿಯೇ ಇತ್ತು ಎನಿಸುತ್ತದೆ. ಒಂದು ದೊಡ್ಡ ಹಾರಿಕೆಗೆ ಅಂಕ ಕೊಡುವ ಸ್ಪರ್ಧೆ ಇದಲ್ಲ, ನೆತ್ತಿಯಿಂದ ಬುಡದವರೆಗಿನ ಇಡೀ ಹಾದಿಗೆ ಕೊಡುವ ಅಂಕ. ಹಾದಿಯ ಕಷ್ಟ, ಹಾರಿಕೆಯ ಎತ್ತರ, ಹಿಡಿತ ಮತ್ತು ಓಘ, ಕಸರತ್ತು ಮತ್ತು ಶೈಲಿ, ಈ ನಾಲ್ಕನ್ನೂ ತೂಗಿ ಅಂಕ ಹಾಕುತ್ತಾರೆ. ಪ್ರತಿಯೊಬ್ಬನಿಗೆ ಎರಡು ಅವಕಾಶ, ಒಳ್ಳೆಯದೊಂದು ಲೆಕ್ಕಕ್ಕೆ.

ಅಂಕವನ್ನೇ ಕಿತ್ತೆಸೆದರೆ ಹೇಗೆ ಎಂದು ಕೆಲವರು ಯೋಚಿಸಿದ್ದು ಇದೇ ಹೊತ್ತಿಗೆ. ಸ್ಪರ್ಧೆಗಳ ಸರ್ಕೀಟು ಬೆಳೆದಂತೆ ಅದರ ಕಿರಿಕಿರಿಯೂ ಬೆಳೆದಿತ್ತು. ನೇರ ಪ್ರಸಾರಕ್ಕೆ ಗಂಟೆ ಗೊತ್ತಾಗಿರುತ್ತದೆ, ಗಾಳಿಗೆ ಗೊತ್ತಿರುವುದಿಲ್ಲ. ಸೈಕಲ್ ನೆಲ ಬಿಟ್ಟು 20 ಅಡಿ ಮೇಲಿರುವಾಗ ಅಡ್ಡಗಾಳಿ ಬೀಸಿದರೆ ಚಕ್ರಗಳು ಹಾಯಿಯಂತೆ ಗಾಳಿ ಹಿಡಿದು ಸವಾರನನ್ನು ಪಕ್ಕಕ್ಕೆ ಎಳೆದೊಯ್ಯುತ್ತವೆ. ಪ್ರೇಕ್ಷಕರು ಕೂತಿದ್ದಾರೆ, ಕ್ಯಾಮೆರಾ ತಿರುಗುತ್ತಿದೆ, ಪ್ರಾಯೋಜಕರು ಕಾಯುತ್ತಿದ್ದಾರೆ ಎಂಬ ಒತ್ತಾಯಕ್ಕೆ ಹಾರಿ ಮೂಳೆ ಮುರಿದುಕೊಂಡವರು ಒಬ್ಬಿಬ್ಬರಲ್ಲ.

2014ರಲ್ಲಿ ಆ ಸವಾರರೇ ಸೇರಿ ಫೆಸ್ಟ್ ಸರಣಿ ಶುರುಮಾಡಿದರು. ಬೆಲ್ಜಿಯಂನ ನಿಕೊ ವಿಂಕ್, ಸ್ಪೇನಿನ ಲಾಕೊಂಡೆಗಿ ಸಹೋದರರು, ಕೆನಡಾದ ಕರ್ಟ್ ಸೋರ್ಗ್ ಮತ್ತು ಗ್ರಹಾಂ ಅಗಾಸಿಝ್, ಇಂಗ್ಲೆಂಡಿನ ಸ್ಯಾಮ್ ರೆನಾಲ್ಡ್ಸ್ ಮೊದಲಾದವರ ಬಳಗ ಅದು. ಪದ್ಧತಿ ಸರಳ. ಒಬ್ಬ ಸವಾರ ತನ್ನ ಊರಲ್ಲೋ ತನಗೆ ಒಗ್ಗಿದ ಜಾಗದಲ್ಲೋ ತನ್ನ ಮನಸ್ಸಿಗೆ ಬಂದಂತೆ ದಿಬ್ಬಗಳನ್ನು ಕಟ್ಟುತ್ತಾನೆ, ಗೆಳೆಯರನ್ನು ಕರೆಯುತ್ತಾನೆ. ಗಾಳಿ ಇದ್ದರೆ ಹರಟೆ, ಗಾಳಿ ನಿಂತರೆ ಸವಾರಿ. ತೀರ್ಪುಗಾರರಿಲ್ಲ. ಕೊನೆಯ ದಿನ ಸವಾರರೇ ಮತ ಹಾಕಿ ಯಾರ ಶೈಲಿ ಚೆಂದ, ಯಾರ ಕಸರತ್ತು ದೊಡ್ಡದು ಎಂದು ತೀರ್ಮಾನಿಸುತ್ತಾರೆ. ಅಗಾಸಿಝ್ ಕ್ಯಾಮ್ಲೂಪ್ಸ್‌ನಲ್ಲಿ ಕರೆದ, ಲಾಕೊಂಡೆಗಿಗಳು ಬಾರ್ಸಿಲೋನಾ ಹತ್ತಿರದ ಲಾ ಪೋಮಾದಲ್ಲಿ ಕರೆದರು, ವಿಂಕ್ ಬೆಲ್ಜಿಯಂನ ಮಾಲ್ಮೆಡಿಯಲ್ಲಿ ‘ಲೂಸ್‌ಫೆಸ್ಟ್’ ನಡೆಸಿದ. ರೆನಾಲ್ಡ್ಸ್ ದಕ್ಷಿಣ ಆಫ್ರಿಕದಲ್ಲಿ ‘ಡಾರ್ಕ್‌ಫೆಸ್ಟ್’ ಕಟ್ಟಿದ. ಅಲ್ಲಿನ ಹಾರಿಕೆಗಳ ಅಗಲ ಕೇಳಿದರೆ ಜೆಸಿಬಿ ಓಡಿಸುವವನೂ ಒಮ್ಮೆ ತಿರುಗಿ ನೋಡಬೇಕು.

ಹೊಸ ದಿಬ್ಬವನ್ನು ಮೊದಲು ಯಾರಾದರೂ ಹಾರಲೇಬೇಕು. ಎಷ್ಟು ವೇಗ ಸಾಕು ಎಂಬುದು ಯಾವ ಲೆಕ್ಕದಲ್ಲೂ ಪೂರ್ತಿ ಸಿಗುವುದಿಲ್ಲ. ಕಡಿಮೆಯಾದರೆ ಆಚೆ ದಿಬ್ಬದ ಮೂತಿಗೆ ಬಡಿಯುವುದು, ಹೆಚ್ಚಾದರೆ ಇಳಿಜಾರು ದಾಟಿ ಸಮತಟ್ಟಿನ ಮೇಲೆ ಅಪ್ಪಳಿಸುವುದು. ಫೆಸ್ಟ್‌ನಲ್ಲಿ ಕಟ್ಟಿದವನೇ ಆ ಕೆಲಸಕ್ಕೆ ಮುಂದೆ ನಿಲ್ಲುವುದು ವಾಡಿಕೆ. ಅವನು ದಾಟಿದ ಮೇಲೆ ಎರಡನೆಯವನು ಅವನ ಹಿಂದೆ ಅಷ್ಟೇ ವೇಗದಲ್ಲಿ ಬರುತ್ತಾನೆ, ಮೂರನೆಯವನು ಎರಡನೆಯವನ ಹಿಂದೆ. ಸಂಜೆಯ ಹೊತ್ತಿಗೆ ಒಬ್ಬರ ಬೆನ್ನಿಗೊಬ್ಬರು ರೈಲಿನ ಬೋಗಿಗಳಂತೆ ಹಾರುತ್ತಿರುತ್ತಾರೆ, ಅದಕ್ಕೆ ಅವರು ಹೇಳುವುದೂ ‘ಟ್ರೇನ್’ ಎಂದೇ. ಇದನ್ನೆಲ್ಲ ಪ್ರಜಾಪ್ರಭುತ್ವ ಎಂದು ಹೊಗಳಿದವರಿದ್ದಾರೆ. ನಾನು ಅಷ್ಟು ದೂರ ಹೋಗಲಾರೆ. ಗೆಳೆಯರು ಗೆಳೆಯರನ್ನು ಕರೆಯುವ ಕೂಟದಲ್ಲಿ ಗೆಳೆತನದ ಹೊರಗಿನವರಿಗೆ ಬಾಗಿಲು ಎಲ್ಲಿ? ಬಹುಕಾಲ ಅಲ್ಲಿ ಕಂಡವರು ಬಹುಪಾಲು ಗಂಡಸರೇ.

ಇತ್ತ ವರ್ಜಿನ್ನಿನಲ್ಲಿ 2014ರಲ್ಲಿ ಆಂಡ್ರೂ ಲಾಕೊಂಡೆಗಿಯೇ ಗೆದ್ದ. ಫೆಸ್ಟ್ ಕಟ್ಟಿದವರು ರಾಂಪೇಜನ್ನು ಬಿಟ್ಟುಹೋಗಿರಲಿಲ್ಲ ಎನ್ನುವುದಕ್ಕೆ ಇದೇ ಸಾಕ್ಷಿ. 2015ರ ವಿಜೇತ ಕರ್ಟ್ ಸೋರ್ಗ್ ಕೂಡ ಅದೇ ಬಳಗದವನು. ಆದರೆ 2015 ನೆನಪಿನಲ್ಲಿ ಉಳಿದದ್ದು ಗೆದ್ದವನಿಂದಲ್ಲ.

ಪಾಲ್ ಬಸಗೋಯ್ಟಿಯಾ ನೆವಾಡಾದವನು. 2004ರ ಮೊದಲ ಕ್ರ್ಯಾಂಕ್‌ವರ್ಕ್ಸ್ ಸ್ಲೋಪ್‌ಸ್ಟೈಲನ್ನು ಎರವಲು ಸೈಕಲ್ಲಿನಲ್ಲಿ ಗೆದ್ದು ಹೆಸರಾದವನು. 2015ರ ರಾಂಪೇಜ್ ಫೈನಲ್ಲಿನಲ್ಲಿ ಒಂದು ಹಾರಿಕೆಯ ನಂತರ ಹಿಡಿತ ತಪ್ಪಿ ಕೆಳಗಿನ ಬಂಡೆಯ ಮೇಲೆ ಬಿದ್ದ. ಬೆನ್ನುಮೂಳೆಯ ಒಂದು ಕಶೇರು ಪುಡಿಯಾಗಿ ಕಾಲುಗಳ ಸ್ವಾಧೀನ ತಪ್ಪಿತು. ಆಸ್ಪತ್ರೆಯ ಹಾಸಿಗೆಯಿಂದಲೇ ಅವನು ಕ್ಯಾಮೆರಾದಲ್ಲಿ ದಾಖಲಿಸಿಕೊಂಡ ದಿನಗಳು ಮುಂದೆ ‘ಎನಿ ಒನ್ ಆಫ್ ಅಸ್’ ಎಂಬ ಸಾಕ್ಷ್ಯಚಿತ್ರವಾಗಿ 2019ರಲ್ಲಿ ಬಂದವು. ವರ್ಷಗಟ್ಟಲೆ ಕಷ್ಟಪಟ್ಟು ಊರೆಗೋಲಿನ ಆಸರೆಯಲ್ಲಿ ನಡೆದ, ಸೈಕಲ್ಲನ್ನೂ ಮತ್ತೆ ಹತ್ತಿದ. ಅದೇ 2015ರಲ್ಲಿ ನಿಕೊಲಾಯ್ ರೊಗಾಟ್ಕಿನ್ ಎಂಬ ಹುಡುಗ ಬಂಡೆಯ ಅಂಚಿನಿಂದ ಉರುಳಿ ಬಿದ್ದು, ಎದ್ದು, ಸೈಕಲ್ ಎತ್ತಿಕೊಂಡು ಓಟ ಮುಗಿಸಿದ. ಅವನ ಹೆಲ್ಮೆಟ್ಟಿನ ವಿಡಿಯೊ ಜಗತ್ತಿಗೆ ಮನರಂಜನೆಯಾಯಿತು. ಎರಡೂ ಬಿದ್ದದ್ದೇ. ಒಂದರಲ್ಲಿ ಬೀಳುವವನ ಅದೃಷ್ಟ ಕೆಲವು ಅಂಗುಲ ಆಚೆಗಿತ್ತು, ಅಷ್ಟೆ.

ಬಸಗೋಯ್ಟಿಯಾನ ಆಸ್ಪತ್ರೆ ಖರ್ಚಿಗೆ ಸೈಕಲ್ ಲೋಕ ಚಂದಾ ಎತ್ತಿತು. ಚಂದಾ ಎತ್ತುವಾಗಲೇ ಮಾತೂ ಎದ್ದಿತು. ಗುಡ್ಡದ ಮೇಲೆ ವಾರಗಟ್ಟಲೆ ಮಣ್ಣು ಹೊರುವವನು ಸವಾರ, ಅವನ ಜೊತೆ ಅಗೆಯುವ ಗೆಳೆಯರ ಖರ್ಚು ಸವಾರನದು, ಬೆನ್ನುಮೂಳೆ ಸವಾರನದು. ಹಾಗಾದರೆ ಚಿತ್ರಗಳು ಯಾರವು, ಆ ಚಿತ್ರಗಳಿಂದ ಮಾರಾಟವಾಗುವ ಡಬ್ಬಿಗಳ ಲಾಭ ಯಾರದು? ಹಿರಿಯ ಸವಾರರೇ ಬಹಿರಂಗವಾಗಿ ಕೇಳಿದರು. ಕೆಲವರು ಬಹಿಷ್ಕಾರದ ಮಾತೂ ಆಡಿದರು. ಕಂಪನಿಯ ಪರವಾಗಿಯೂ ಒಂದು ಮಾತು ಹೇಳಬೇಕು: ಆ ಹಣ ಇಲ್ಲದಿದ್ದರೆ ವರ್ಜಿನ್ನಿನ ಗುಡ್ಡದಲ್ಲಿ ಆಂಬುಲೆನ್ಸೂ ಹೆಲಿಕಾಪ್ಟರೂ ನಿಂತಿರುತ್ತಿರಲಿಲ್ಲ.

2016ರಲ್ಲಿ ಸ್ಪರ್ಧೆ ಹೊಸ ಜಾಗದಲ್ಲಿ, ಹೊಸ ನಿಯಮಗಳೊಂದಿಗೆ ನಡೆಯಿತು. ಸವಾರರ ಸಂಖ್ಯೆ 21ಕ್ಕೆ ಇಳಿಯಿತು. ಮರದ ಅಟ್ಟಗಳು ಹೋದವು. ಒಬ್ಬ ಸವಾರನಿಗೆ ಅಗೆಯಲು ಇಬ್ಬರೇ ಸಹಾಯಕರು, ಕೈಯಿಂದ ಬಳಸುವ ಸಲಕರಣೆ ಮಾತ್ರ. ಯಂತ್ರ ಇಲ್ಲ. ದೂಳಾಗುವ ಮಣ್ಣನ್ನು ಗಟ್ಟಿ ಮಾಡಲು ನೀರನ್ನು ಮೇಲಕ್ಕೆ ಹೊರಬೇಕು, ಹಾರುವ ತುದಿಯನ್ನು ಮರಳಿನ ಚೀಲ ಪೇರಿಸಿ ಕಟ್ಟಬೇಕು. ಅಗೆಯುವ ದಿನಗಳಲ್ಲಿ ಅಲ್ಲಿ ಕಾಣುವುದು ಸ್ಪರ್ಧೆಯಲ್ಲ, ರಸ್ತೆ ಕೆಲಸ: ಒಬ್ಬ ಪಿಕಾಸಿ ಬೀಸುತ್ತಾನೆ, ಒಬ್ಬ ಸಲಿಕೆಯ ಬೆನ್ನಿನಿಂದ ಮಣ್ಣು ತಟ್ಟುತ್ತಾನೆ, ಸವಾರ ಸ್ವಲ್ಪ ದೂರ ನಿಂತು ಕಣ್ಣು ಕಿರಿದುಮಾಡಿ ಕೋನ ನೋಡುತ್ತಾನೆ. ಪಕ್ಕದ ಗುಂಪಿನೊಂದಿಗೆ ಒಂದು ಇಳಿದಾಣವನ್ನು ಹಂಚಿಕೊಳ್ಳುವ ಚೌಕಾಸಿಯೂ ನಡೆಯುತ್ತದೆ. ಎಲ್ಲಿ ಹಾರಿದರೆ ಎಲ್ಲಿ ಇಳಿಯುತ್ತೇನೆ ಎಂಬ ಊಹೆಯಲ್ಲೇ ಅರ್ಧ ಸ್ಪರ್ಧೆ ಮುಗಿದಿರುತ್ತದೆ. ಆ ವರ್ಷ ಗೆದ್ದದ್ದು ಸೆಮೆನಕ್, ಮೊದಲ ಗೆಲುವಿನ ಎಂಟು ವರ್ಷಗಳ ನಂತರ. ಅದೇ ವರ್ಷದ ಫೆಬ್ರವರಿಯಲ್ಲಿ ಮೆಕ್‌ಗ್ಯಾರಿ ಕ್ವೀನ್ಸ್‌ಟೌನ್‌ನಲ್ಲಿ ಸೈಕಲ್ ತುಳಿಯುತ್ತಿದ್ದಾಗಲೇ ಹೃದಯ ನಿಂತು ತೀರಿಕೊಂಡಿದ್ದ. ರಾಂಪೇಜಿನಲ್ಲಿ ಅವನ ಹೆಸರಿನ ಪ್ರಶಸ್ತಿಯೊಂದು ಇದೆ, ಅದು ಅಂಕಕ್ಕಲ್ಲ, ಮನೋಭಾವಕ್ಕೆ ಕೊಡುವಂಥದು.

ಇಷ್ಟರವರೆಗಿನ ಹೆಸರುಗಳಲ್ಲಿ ಒಬ್ಬ ಹೆಣ್ಣೂ ಇಲ್ಲ ಎಂಬುದನ್ನು ಓದುಗರು ಗಮನಿಸಿರಬಹುದು. ಆಹ್ವಾನಿತರ ಪಟ್ಟಿ ಮಾಡುವವರು ಗಮನಿಸಲು ಬಹಳ ಕಾಲ ಹಿಡಿಯಿತು. ಈ ಬಾಗಿಲನ್ನು ತೆರೆದದ್ದೂ ಸವಾರರೇ. 2019ರಲ್ಲಿ ಕೇಟಿ ಹೋಲ್ಡನ್ ಮುಂದಾಳತ್ವದಲ್ಲಿ ‘ಫಾರ್ಮೇಷನ್’ ಎಂಬ ಕೂಟ ವರ್ಜಿನ್ನಿನ ಅದೇ ಕೆಂಪು ಗುಡ್ಡಗಳಲ್ಲಿ ಸೇರಿತು. ಹ್ಯಾನಾ ಬರ್ಗೆಮನ್, ವೆರೋನಿಕ್ ಸ್ಯಾಂಡ್ಲರ್ ಮೊದಲಾದವರು ಬಂದರು. ಅಂಕವಿಲ್ಲ, ಗೆಲುವಿಲ್ಲ. ಅಗೆಯುವುದನ್ನು ಕಲಿಯುವುದು, ಗುಡ್ಡ ಓದುವುದನ್ನು ಕಲಿಯುವುದು, ಒಬ್ಬಳು ಹಾರುವಾಗ ಉಳಿದವರು ಗಾಳಿ ನೋಡುವುದು. ರಾಂಪೇಜಿಗೆ ಬೇಕಾದ ಅನುಭವವೇ ಅವರಿಗಿಲ್ಲ ಎಂಬ ವಾದಕ್ಕೆ ಇದು ನೇರ ಉತ್ತರವಾಗಿತ್ತು: ಅನುಭವ ಪಡೆಯುವ ಜಾಗವೇ ಇಲ್ಲದಿದ್ದರೆ ಅದು ಬರುವುದೆಲ್ಲಿಂದ? 2021, 2022ರಲ್ಲೂ ಫಾರ್ಮೇಷನ್ ನಡೆಯಿತು. ಕೆನಡಾದ ರೆವೆಲ್‌ಸ್ಟೋಕ್‌ನಲ್ಲಿ ಕೇಸಿ ಬ್ರೌನ್ ಹೆಣ್ಣುಮಕ್ಕಳಿಗಾಗಿಯೇ ದೊಡ್ಡ ದಿಬ್ಬಗಳ ‘ಡಾರ್ಕ್ ಹಾರ್ಸ್’ ಶಿಬಿರ ಕಟ್ಟಿದಳು. ಫೆಸ್ಟ್ ಗಂಡಸರಿಗೆ ಮಾಡಿದ ಕೆಲಸವನ್ನು ಇವು ಹೆಂಗಸರಿಗೆ ಮಾಡಿದವು, ಅದಕ್ಕಿಂತ ಹೆಚ್ಚನ್ನೇ ಮಾಡಿದವು ಎಂದರೂ ತಪ್ಪಲ್ಲ. ಫೆಸ್ಟ್ ಸ್ಪರ್ಧೆಯಿಂದ ಹೊರಬರುವ ದಾರಿಯಾಗಿತ್ತು, ಫಾರ್ಮೇಷನ್ ಒಳಹೋಗುವ ದಾರಿಯಾಯಿತು.

2024ರ ಅಕ್ಟೋಬರಿನಲ್ಲಿ ರಾಂಪೇಜಿನ ಮೊದಲ ಮಹಿಳಾ ಫೈನಲ್ ನಡೆಯಿತು. ಗೆದ್ದವಳು ನ್ಯೂಜಿಲೆಂಡಿನ ರಾಬಿನ್ ಗೂಮ್ಸ್. ಅವಳು ಹಿಂದೆ ಆ ದೇಶದ ಸೇನೆಯಲ್ಲಿ ಸೈನಿಕಳಾಗಿದ್ದವಳು, ಕ್ರ್ಯಾಂಕ್‌ವರ್ಕ್ಸ್ ಸ್ಪರ್ಧೆಯಲ್ಲಿ ಹಿಂಲಾಗ ಹಾಕಿ ಇಳಿದ ಮೊದಲ ಹೆಣ್ಣು. ವರ್ಜಿನ್ನಿನಲ್ಲೂ ಹಿಂಲಾಗವೇ ಅವಳ ಅಸ್ತ್ರ. ಎರಡು ದಿನಗಳ ನಂತರದ ಪುರುಷರ ಫೈನಲ್ಲಿನಲ್ಲಿ ಸೆಮೆನಕ್ ಐದನೆಯ ಬಾರಿ ಗೆದ್ದ. ಐದು ಗೆಲುವು ಬೇರೆ ಯಾರಿಗೂ ದಕ್ಕಿರಲಿಲ್ಲ. ಅದರ ಹಿಂದಿನ ವರ್ಷ ಝಿಂಕ್ ಮೊದಲ ಗೆಲುವಿನ 13 ವರ್ಷಗಳ ನಂತರ ಎರಡನೆಯದನ್ನು ಪಡೆದಿದ್ದ. ಈ ಗುಡ್ಡದಲ್ಲಿ ಎಳೆಯರಷ್ಟೇ ಗೆಲ್ಲುವುದಿಲ್ಲ. ಹಾದಿ ಅಗೆಯುವುದಕ್ಕೆ ಬೇಕಾದ ಬುದ್ಧಿ ವಯಸ್ಸಿನ ಜೊತೆಗೇ ಬರುತ್ತದೆ.

2025ರಲ್ಲಿ ಗೂಮ್ಸ್ ಮತ್ತೆ ಗೆದ್ದಳು. ಪುರುಷರಲ್ಲಿ ಮೊದಲ ಬಾರಿಗೆ ಬಂದಿದ್ದ ಕೆನಡಾದ ಹೇಡನ್ ಝಬ್ಲೊಟ್ನಿ ಗೆದ್ದ. ಅದೇ ದಿನ ಸ್ಪೇನಿನ ಅಡಾಲ್ಫ್ ಸಿಲ್ವಾ ಎರಡು ಸುತ್ತಿನ ಹಿಂಲಾಗಕ್ಕೆ ಕೈಹಾಕಿ ಬಿದ್ದ, ಬೆನ್ನುಹುರಿಗೆ ತೀವ್ರ ಪೆಟ್ಟಾಯಿತು. ಹತ್ತು ವರ್ಷದ ಹಿಂದೆ ಕೇಳಿದ ಪ್ರಶ್ನೆಗಳನ್ನೇ ಸವಾರರು ಮತ್ತೆ ಕೇಳಿದರು: ವಿಮೆ ಯಾರ ಹೊಣೆ, ಬಹುಮಾನದ ಹಣ ಅಪಾಯಕ್ಕೆ ತಕ್ಕದ್ದೇ, ಇನ್ನೂ ದೊಡ್ಡದನ್ನು ಮಾಡು ಎಂದು ಒತ್ತುವವರು ತೀರ್ಪುಗಾರರೋ ಪ್ರೇಕ್ಷಕರೋ ಸವಾರರ ಒಳಗಿನ ಚಟವೋ. ಉತ್ತರ ಬರುವ ಮೊದಲೇ ಅವರ ಬಳಗ ಸಿಲ್ವಾನ ಚಿಕಿತ್ಸೆಗೆ ಹಣ ಕೂಡಿಸಲು ಶುರುಮಾಡಿತ್ತು.